ಬಫರಿನಲ್ಲಿ ನಿಂತ ಮಾತು

ಟಿಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್. ಅಣ್ಣನ ಹೆಬ್ಬೆರಳ ಕೆಳಗಿನ ಗುಂಡಿಯ ಸದ್ದು. ಬೆಳಗಿನಿಂದ ಆಸ್ಪತ್ರೆಯ ಆ ವಾರ್ಡಿನಲ್ಲಿ ತಂಗಿ ಕೇಳುತ್ತಿರುವುದು ಇದೊಂದನ್ನೇ.

ಅಣ್ಣನದು ಕ್ಷೌರದಂಗಡಿ. ಕತ್ತರಿಗಿಂತ ನಾಲಿಗೆ ಚುರುಕು ಎಂದು ಗಿರಾಕಿಗಳು ನಗುತ್ತಿದ್ದರು. ಅರ್ಧ ಗಡ್ಡ ಹೆರೆದು ಕಥೆ ಹೇಳುತ್ತ ನಿಂತುಬಿಡುತ್ತಿದ್ದ. ಮೆದುಳಿಗೆ ಪೆಟ್ಟು ಬಿದ್ದ ಮೇಲೆ ಅವನಿಗೆ ಉಳಿದದ್ದು ಆ ಹೆಬ್ಬೆರಳು ಮಾತ್ರ.

ತಂಗಿ ಗೋದಾಮುಗಳ ಲೆಕ್ಕಕ್ಕೆ ಪ್ರೋಗ್ರಾಮ್ ಬರೆಯುವವಳು. ಅಣ್ಣನಿಗೂ ಒಂದು ಬರೆದಳು. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬೆಳಗುತ್ತವೆ; ಬೇಕಾದದ್ದು ಬಂದಾಗ ಗುಂಡಿ ಒತ್ತಬೇಕು. ಆರಿಸಿದ ಪದ ಮಂಚದ ಪಕ್ಕದ ಪೆಟ್ಟಿಗೆಗೆ ಹೋಗಿ ದನಿಯಾಗಬೇಕು. ಮನೆಯಲ್ಲಿ ಪೆಟ್ಟಿಗೆ ಇರಲಿಲ್ಲವೆಂದು ಪದಗಳನ್ನು ಪರದೆಯ ಮೇಲೇ ಬರೆಸಿ ನೋಡಿದ್ದಳು. ಒಂದೂ ತಡವರಿಸಿರಲಿಲ್ಲ. ಇಲ್ಲಿ ಮೂರು ದಿನವಾದರೂ ಪೆಟ್ಟಿಗೆ ತುಟಿ ಬಿಚ್ಚಿರಲಿಲ್ಲ.

"ಬೆರಳು ತಾನಾಗೇ ಅದುರುತ್ತೆ ಅಷ್ಟೇ, ಅದರಲ್ಲಿ ಮಾತಿಲ್ಲ," ಎಂದಿದ್ದರು ಡಾಕ್ಟರು. ಮಧ್ಯಾಹ್ನ ಅವನನ್ನು ಆರೈಕೆ ಕೇಂದ್ರಕ್ಕೆ ಸಾಗಿಸುತ್ತಾರೆ. ಅಲ್ಲಿ ಉಣಿಸುತ್ತಾರೆ, ಒರೆಸುತ್ತಾರೆ. ಯಾರೂ ಮಾತಾಡಿಸುವುದಿಲ್ಲ.

"ನಿನ್ನ ಪೆಟ್ಟಿಗೆ ಸಹವಾಸ ಸಾಕು ಕಣೇ," ಎಂದಳು ಅತ್ತಿಗೆ. "ಸುಮ್ಮನೆ ಆಸೆ ಹುಟ್ಟಿಸ್ಬೇಡ."

ತಂಗಿ ಕಾರಿಡಾರಿಗೆ ಬಂದು ಆಫೀಸಿನ ಗೆಳೆಯನಿಗೆ ಫೋನ್ ಮಾಡಿದಳು. ಮೀಟಿಂಗುಗಳಲ್ಲಿ ನಿದ್ದೆ ಹೊಡೆಯುವ ಅವನಿಗೆ ಎಲ್ಲರೂ ಇಟ್ಟ ಹೆಸರು ಗೊರಕೆ.

"ಗೊರಕೆ, ವೈರು, ವಾಲ್ಯೂಮು ಎಲ್ಲಾ ನೋಡ್ದೆ ಕಣೋ. ತಲೆ ಕೆಟ್ಟುಹೋಯ್ತು."

"ಮನೇಲಿ ಪರದೆಗೆ ಬರೀತಿತ್ತು. ಇಲ್ಲಿ ಪೆಟ್ಟಿಗೆಯ ಪ್ರೋಗ್ರಾಮಿಗೆ ಕೊಡ್ತಿದೆ, ಅಲ್ವಾ?"

"ಹೂಂ."

"ಫ್ಲಶ್ ಹಾಕಿದ್ಯಾ?"

ಹಾಕಿರಲಿಲ್ಲ. ಪರದೆಗಾದರೆ ಬರೆದ ಸಾಲು ಆಗಲೇ ಕಾಣುತ್ತದೆ. ಇನ್ನೊಂದು ಪ್ರೋಗ್ರಾಮಿಗಾದರೆ ಅದು ಮೊದಲು ಬಫರಿನಲ್ಲಿ, ತೊಟ್ಟಿಯಲ್ಲಿ ನೀರು ನಿಂತಂತೆ, ನಿಲ್ಲುತ್ತದೆ. ತುಂಬಿದ ಮೇಲೇ ಮುಂದಕ್ಕೆ. ತುಂಬುವವರೆಗೆ ಕಾಯದೆ ಈಗಲೇ ಹೊರಗೆ ಬಿಡು ಎನ್ನುವುದು ಫ್ಲಶ್. ಒಂದೇ ಸಾಲು. ಗೋದಾಮಿನ ಲೆಕ್ಕಗಳು ತೊಟ್ಟಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿಸುತ್ತಿದ್ದುದರಿಂದ ಅವಳಿಗೆ ಅದು ಎಂದೂ ಬೇಕಾಗಿರಲಿಲ್ಲ. ಹೆಬ್ಬೆರಳಿನಿಂದ ತೊಟ್ಟಿಕ್ಕುವ ಮಾತು ಯಾವಾಗ ತುಂಬೀತು?

"ಪ್ರೋಗ್ರಾಮನ್ನ ಸರಿಯಾಗಿ ಮುಚ್ಚು," ಎಂದ ಗೊರಕೆ. "ಒಳಗಿರೋದೆಲ್ಲ ಈಚೆ ಬರುತ್ತೆ. ಪ್ಲಗ್ ಮಾತ್ರ ಕೀಳ್ಬೇಡ, ಎಲ್ಲಾ ಅಳಿಸಿಹೋಗುತ್ತೆ."

ಅವಳು ಓಡಿದಳು. ಡಾಕ್ಟರು ಮಂಚದ ಬಳಿ ಬಂದಾಗಿತ್ತು. ಯಾರನ್ನೂ ಕೇಳದೆ ಪ್ರೋಗ್ರಾಮನ್ನು ಮುಚ್ಚಿದಳು.

ಪೆಟ್ಟಿಗೆ ಕರಕರ ಎಂದಿತು. ಆಮೇಲೆ ಏರಿಳಿತವಿಲ್ಲದ ದನಿಯಲ್ಲಿ ಒಂದೇ ಸಮನೆ ನುಡಿಯತೊಡಗಿತು:

"ಎಡ ಹಿಮ್ಮಡಿ ಉರಿ. ಕಾಲು ತಿರುಗಿಸಿ. ಉರಿ. ಯಾರಾದರೂ ಬನ್ನಿ. ನಾನು ಇಲ್ಲೇ ಇದ್ದೀನಿ. ಆ ಡಾಕ್ಟರು ಕಿವುಡು. ಉರಿ."

ಅತ್ತಿಗೆ ಹೊದಿಕೆ ಸರಿಸಿದಳು. ಹಿಮ್ಮಡಿಯ ಚರ್ಮ ಸುಲಿದು ಕೆಂಪಗೆ ಒಸರುತ್ತಿತ್ತು. ಡಾಕ್ಟರು ಬಗ್ಗಿ ನೋಡಿ, ತಗ್ಗಿದ ದನಿಯಲ್ಲಿ, "ಇವರನ್ನ ಎಲ್ಲಿಗೂ ಕಳಿಸಲ್ಲ," ಎಂದರು.

"ಬೈದ್ರು ನೋಡು, ಬೈದ್ರು!" ಅತ್ತಿಗೆ ಅಳುತ್ತಲೇ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಇದು ಬೆಳಿಗ್ಗೆಯಿಂದ ಹೇಳಿದ್ದು ಅಲ್ವೇನೇ? ನಿನ್ನೇದು? ಮೊನ್ನೇದು? ಅದನ್ನೂ ಕೇಳಿಸು."

ಪ್ರತಿ ಸಂಜೆ ನರ್ಸು ಪ್ಲಗ್ ಕೀಳುತ್ತಿದ್ದಳು. ಹಾಗೆ ಕಿತ್ತರೂ ಏನೂ ಆಗಲ್ಲ ಎಂದು ಅವಳಿಗೆ ಹೇಳಿಕೊಟ್ಟವಳು ತಂಗಿಯೇ.

"ಯಾಕೆ ಹಾಗೆ ನಿಂತ್ಬಿಟ್ಟೆ? ನನ್ನನ್ನ ಕರೆದಿದ್ರೇನೋ ಕಣೇ, ಆವಾಗ ನಾನು ಪಕ್ಕದಲ್ಲೇ ಕೂತು ತೂಕಡಿಸ್ತಾ..."

ಅತ್ತಿಗೆಯ ಮಾತು ಇನ್ನೂ ಮುಗಿದಿರಲಿಲ್ಲ. ತಂಗಿ ಬಾಗಿಲು ದಾಟಿ ನಡೆದುಬಿಟ್ಟಳು.