ಬಟ್ಟಲಿನ ಬೀರುವಿಗೆ ಬಿದ್ದ ಬೀಗ

ಕಳ್ಳತನ ಬಿಟ್ಟ ಮೇಲೆ ಅವನು ಹಿಡಿದ ಕಸುಬು ಬೀಗ ರಿಪೇರಿ. ಬೀದಿಯವರು ಮುಸಿಮುಸಿ ನಕ್ಕರು. ನಗಲಿ ಬಿಡಿ, ಬೇರೆ ಯಾವ ವಿದ್ಯೆ ಅವನಿಗೆ ಬರುತ್ತಿತ್ತು? ಚರ್ಚಿನ ಎದುರು ಮನೆಯ ಮೆಟ್ಟಿಲ ಕೆಳಗೆ ಗೂಡಿನಂಥ ಅಂಗಡಿ, ನಾಲ್ಕಾರು ಅರ, ಗೋಡೆ ತುಂಬ ಇನ್ನೂ ಹಲ್ಲು ಮೂಡದ ಕೀಲಿಗಳು. ಅಲ್ಲಿ ಅವನದೊಂದು ಕಟ್ಟುನಿಟ್ಟು ಇತ್ತು. ಬೀಗದ ಯಜಮಾನರು ಎದುರಿಗೆ ನಿಂತು 'ಇದು ನನ್ನದು' ಎನ್ನಬೇಕು, ಆಮೇಲೆಯೇ ಅರ ಕೈಗೆತ್ತಿಕೊಳ್ಳುವುದು. ತಂತಿ ಹಾಕಿ ತೆಗೆಯುವುದಂತೂ ಸುತರಾಂ ಇಲ್ಲ. ದೀಕ್ಷಾಸ್ನಾನದ ದಿನ ನೀರಿನಲ್ಲಿ ನಿಂತು ಬಿಟ್ಟ ಚಾಳಿ ಅದು.

ಆ ನೀರಿನವರೆಗೆ ಅವನನ್ನು ಕರೆತಂದವಳು ಅಕ್ಕ. ಜೈಲಿನ ಬಾಗಿಲಿಗೆ ಬಂದದ್ದು ಅವಳೊಬ್ಬಳೇ. ಚರ್ಚಿನ ಹೊಸ್ತಿಲಲ್ಲಿ ಅವನು ಹಿಂದೇಟು ಹಾಕಿದಾಗ, "ತಪ್ಪಿಸಿಕೊಂಡ ಒಂದು ಕುರಿಗೋಸ್ಕರ ಮಿಕ್ಕಿದ್ದನ್ನೆಲ್ಲ ಬಿಟ್ಟು ಹುಡುಕ್ಕೊಂಡು ಹೋದನಂತೆ ಕುರುಬ. ನೀನೇನು ಕುರಿಗಿಂತ ಕಡೆನಾ? ಬಾ ಒಳಗೆ," ಎಂದು ರಟ್ಟೆ ಹಿಡಿದು ಎಳೆದಿದ್ದಳು. ಪಾದ್ರಿಗಳು ಎಲ್ಲರೆದುರು ತಬ್ಬಿಕೊಂಡರು. ಕೆಲವು ವರ್ಷ ಕಳೆದ ಮೇಲೆ ದೊಡ್ಡ ಬಾಗಿಲಿನ ಕೀಲಿಯನ್ನೇ ಕೈಗಿಟ್ಟರು. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆಯುವವನು ಅವನೇ. ಆ ಕೀಲಿ ಜೇಬಿನಲ್ಲಿರುವತನಕ ತಾನೂ ನಾಲ್ಕು ಜನರಲ್ಲಿ ಒಬ್ಬ ಎಂದು ಅವನು ನಂಬಿದ್ದ.

ಹಾಗಿರುವಾಗ ಒಂದು ಭಾನುವಾರ, ಹಾಡಿನ ನಡುವೆ ಪಾದ್ರಿಗಳು ಅವನನ್ನು ಪಕ್ಕದ ಕೋಣೆಗೆ ಕರೆದರು. ಆರಾಧನೆಯಲ್ಲಿ ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಬೆಳ್ಳಿ ಬಟ್ಟಲು ಇರುವುದು ಆ ಕೋಣೆಯ ಬೀರುವಿನಲ್ಲಿ. ಅದನ್ನು ತೊಳೆದು ಒರೆಸಿ ಇಡುವುದು ಅಕ್ಕನ ಕೆಲಸವಾದ್ದರಿಂದ ಅವನು ಅತ್ತ ಹೋಗುತ್ತಿದ್ದುದೇ ಕಡಿಮೆ. ಹಿಂದೊಮ್ಮೆ ನೋಡಿದಾಗ ಬೀರುವಿಗೆ ಬರೀ ಚಿಲಕವಿತ್ತು. ಈಗ ಗಟ್ಟಿ ಬೀಗವೊಂದು ಕೂತಿತ್ತು. ಅದರೊಳಗೆ ಮುರಿದ ಕೀಲಿಯ ತುದಿ. ಉಳಿದರ್ಧ ಅಕ್ಕನ ಕೈಯಲ್ಲಿತ್ತು, ಅವಳ ಕುತ್ತಿಗೆಯ ದಾರಕ್ಕೆ ಕಟ್ಟಿದಂತೆಯೇ.

"ತಂತಿ ಹಾಕಿ ತೆಗೆದುಬಿಡಪ್ಪ, ಜನ ಕಾಯ್ತಿದ್ದಾರೆ. ನಿಂಗೆ ಬರುತ್ತಲ್ಲ," ಎಂದರು ಪಾದ್ರಿಗಳು. ಬಿಡು ಎಂದು ಬಿಡಿಸಿದವರೇ!

"ಯಾರ ಬೀಗ ಇದು?" ಎಂದ ಅವನು.

ಪಾದ್ರಿಗಳಿಗೆ ಇದ್ದಕ್ಕಿದ್ದಂತೆ ಸೂರಿನ ಮೇಲೆ ಆಸಕ್ತಿ ಹುಟ್ಟಿತು.

"ಯಜಮಾನರು ಬಾಯಿಬಿಟ್ಟು ಹೇಳದೆ ನಾನು ಮುಟ್ಟಲ್ಲ."

"ನಂದೇ ಕಣೋ," ಎಂದಳು ಅಕ್ಕ. "ನಿನ್ನ ಕೈಗೆ ಬಾಗಿಲಿನ ಕೀಲಿ ಕೊಟ್ಟ ವಾರವೇ ಹಾಕಿಸ್ದೆ."

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಮೇಲೆ ಬರಬಾರದು ಅಂತಾನಾ?"

ಹೌದು ಎಂದುಬಿಟ್ಟಿದ್ದರೆ ಅವನು ನಂಬುತ್ತಿದ್ದ. ನಂಬಲು ಕಾತರನಾಗಿಯೂ ಇದ್ದ. ಅಕ್ಕ ತಲೆ ತಗ್ಗಿಸಿದಳು. "ಅಲ್ಲ. ನಂಗೇ ಭಯ ಇತ್ತು."

ಪೊಲೀಸರು ಹೊಡೆದಾಗಲೂ ಅವನಿಗೆ ಇಷ್ಟು ನೋವಾಗಿರಲಿಲ್ಲ. ಜೇಬಿನ ಚಿಮುಟದಿಂದ ಮುರಿದ ತುದಿಯನ್ನು ಎಳೆದುಕೊಂಡ, ಅಕ್ಕನ ಕೈಯಿಂದ ಉಳಿದರ್ಧ ಇಸಿದುಕೊಂಡ, ಅಂಗಡಿಗೆ ನಡೆದ. ಎರಡು ತುಂಡು ಜೋಡಿಸಿಟ್ಟು ಹೊಸ ಕೀಲಿ ಉಜ್ಜತೊಡಗಿದರೆ ಅರ ಜಾರಿ ಹಲ್ಲು ಕೆಟ್ಟಿತು. ಅದನ್ನು ಎಸೆದು ಮತ್ತೊಂದು ಉಜ್ಜಿದ. ಚರ್ಚಿನಲ್ಲಿ ಅದೇ ಹಾಡನ್ನು ಮೊದಲಿಂದ ಹಾಡುತ್ತಿದ್ದರು.

ವಾಪಸು ಬಂದು ಕೀಲಿಯನ್ನು ಅಕ್ಕನ ಅಂಗೈಗೆ ಹಾಕಿದ. "ನೀನೇ ತೆಗಿ."

ಆರಾಧನೆ ಮುಗಿದು ಎಲ್ಲರೂ ಹೋದರು. ಅವನು ದೊಡ್ಡ ಬಾಗಿಲು ಹಾಕುತ್ತಿದ್ದಾಗ ಅಕ್ಕ ಮೆಟ್ಟಿಲ ಮೇಲೆ ನಿಂತೇ ಇದ್ದಳು. "ತಪ್ಪಾಯ್ತು ಕಣೋ, ಕ್ಷಮಿಸು," ಎಂದಳು, ಕಣ್ಣು ತುಂಬಿಕೊಂಡು. ತಪ್ಪೊಪ್ಪಿಕೊಂಡು ಬಂದವರನ್ನು ತಬ್ಬಿ ಒಳಗೆ ಕರೆದುಕೊಳ್ಳಬೇಕೆಂದು ಅವನಿಗೆ ಕಲಿಸಿದ್ದೇ ಅವಳು. ಅವನ ಕೈ ಏಳಲಿಲ್ಲ.

"ಒಂದು ಮಾತು ಹೇಳಿದ್ರೆ ಆ ಬೀಗ ನಾನೇ ಹಾಕಿಕೊಡ್ತಿದ್ದೆ ಅಕ್ಕ," ಎಂದ. "ಕೀಲಿ ಮುರಿಯದಂಥದ್ದು."