ಕುದಿಸಿದ ಕತ್ತರಿ ಮತ್ತು ಬರೆಯದೆ ಬಿಟ್ಟ ಪಾಠ

ರಾವಂದೂರಿನ ಚಾವಡಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ನೀಲಾಂಬಿಕೆಯವರು ಮೂರು ಕಲ್ಲಿನ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಣಗಿದ ಸೌದೆಯ ಮೇಲೆ ಚೊಂಬಿನಿಂದ ನೀರು ಚಿಮುಕಿಸುತ್ತಿದ್ದಾರೆ. ಚಾವಡಿ ಕಾಯುವ ಕುಳ್ಳಯ್ಯ ಕಂಬಳಿ ಹೊದ್ದು ಕಂಬಕ್ಕೆ ಒರಗಿ ಇದನ್ನು ನೋಡುತ್ತಾನೆ. ತಡೆಯಲಾಗದೆ ಕೇಳಿಯೇ ಬಿಡುತ್ತಾನೆ.

"ಒಣ ಸೌದೆ ಉಡುಕ್ಕಂಡ್ ತಂದ್ಕೊಟ್ರೆ ನೀರ್ ಉಯ್ತೀರಲ್ಲ ನರ್ಸಮ್ಮಾರೇ. ನಮ್ಮನೇಲಿ ಇಂಗ್ ಮಾಡಿದ್ರೆ ನನ್ನೆಡ್ತಿ ಅದೇ ಸೌದೇಲಿ ಬಾರಿಸ್ತಾಳೆ."

"ಹೆರಿಗೆ ಮಳೆಗಾಲದಲ್ಲೂ ಆಗುತ್ತೆ ಕುಳ್ಳಯ್ಯ. ಆಗ ಒಣ ಸೌದೆ ನೀನು ತಂದುಕೊಡ್ತೀಯ?"

ಒಲೆ ಹೊಗೆಯಾಡುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಗೋಡೆಗೆ ಒರಗಿಸಿದ ಹಳೆಯ ಗಡಿಯಾರ ನೋಡಿ ನೀಲಾಂಬಿಕೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಒಣ ಸೌದೆಯಲ್ಲಿ ಮಡಕೆ ನೀರು ಕುದಿಯಲು ಹನ್ನೊಂದು ನಿಮಿಷ, ಹಸಿ ಸೌದೆಯಲ್ಲಿ ಇಪ್ಪತ್ತಾರು. ಅಂದರೆ ಅಷ್ಟು ಹೊತ್ತು ಸೂಲಗಿತ್ತಿ ಒಲೆಯ ಬಳಿ ಇರಬೇಕೋ, ನೋವು ತಿನ್ನುವವಳ ಬಳಿ ಇರಬೇಕೋ? ಪಾಠದಲ್ಲಿ ಅದಕ್ಕೆ ಉತ್ತರವಿರಬೇಕು. ಆಮೇಲೆ ಅವರು ಬಟ್ಟೆಯ ಬೊಂಬೆಯೊಂದನ್ನು ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ, ಅದರ ಹೊಕ್ಕುಳಿಗೆ ಹೊಲಿದ ಹುರಿಯ ಬಳ್ಳಿಗೆ ಎರಡು ಕಡೆ ದಾರ ಕಟ್ಟುತ್ತಾರೆ. ಯುದ್ಧ ಬಂದ ಮೇಲೆ ಹಳ್ಳಿಗಳಲ್ಲಿ ಸೀಮೆಎಣ್ಣೆಯಿಲ್ಲ. ಹೆರಿಗೆ ಕೋಣೆಯಲ್ಲಿ ಕಣ್ಣಿದ್ದೂ ಇಲ್ಲದ ಹಾಗೇ.

"ಹತ್ತು ಗಂಟೆಗೆ ಸೂಲಗಿತ್ತಿಯರಿಗೆ ಹೇಳಿಕೊಡೋದನ್ನ ಐದು ಗಂಟೆಗೆ ನಾನು ಮಾಡಿ ನೋಡ್ತೀನಿ" ಎನ್ನುತ್ತಾರೆ. "ನನ್ನ ಕೈ ಎಲ್ಲಿ ತಡವರಿಸುತ್ತೋ ಅವರ ಕೈಯೂ ಅಲ್ಲೇ ತಡವರಿಸುತ್ತೆ."

ನೀಲಾಂಬಿಕೆಯವರಿಗೆ ನಲವತ್ತನಾಲ್ಕು. ಬಿಳಿಕೆರೆ ಕಡೆಯವರು. ಇನ್‌ಫ್ಲುಯೆಂಜಾ ವರ್ಷದಲ್ಲಿ, ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡರು. ಅಣ್ಣ ಪುಟ್ಟಮಲ್ಲಪ್ಪ ಊರವರ ಮಾತಿಗೆ ಕಿವಿಗೊಡದೆ ಮೈಸೂರಿಗೆ ಕರೆದೊಯ್ದು ಹೆರಿಗೆ ಕೆಲಸ ಕಲಿಯಲು ಬಿಟ್ಟರು. "ಮನೆತನದ ಹೆಣ್ಣು ಕಂಡವರ ಮೈಲಿಗೆ ಬಳಿಯೋಕೆ ಹೋದಳು ಅಂತ ನಮ್ಮೋರು ಹನ್ನೆರಡು ವರ್ಷ ನನ್ನ ಕೈಲಿ ನೀರು ಇಸ್ಕೊಳ್ಳಲಿಲ್ಲ. ಹೆರಿಗೆ ಕಷ್ಟವಾದಾಗ ಮಾತ್ರ ಹಿತ್ತಲ ಬಾಗಿಲಲ್ಲಿ ಬಂದು ಕರೆಯೋರು."

ಏಳು ವರ್ಷದಿಂದ ಅವರ ಕೆಲಸ ಹೆರಿಗೆ ಮಾಡಿಸುವುದಲ್ಲ, ಹೆರಿಗೆ ಮಾಡಿಸುವವರಿಗೆ ಕಲಿಸುವುದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕಿನ ಸೂಲಗಿತ್ತಿಯರನ್ನು ಎಂಟೆಂಟು ಜನರಂತೆ ಸೇರಿಸಿ ಹದಿನೈದು ದಿನ ಪಾಠ. ಪೆಟ್ರೋಲಿನ ಬದಲು ಇದ್ದಿಲಿನಲ್ಲಿ ಓಡುವ ಬಸ್ಸು ಇಳಿಸಿದಲ್ಲಿಂದ ಗಾಡಿ ಸಿಕ್ಕರೆ ಗಾಡಿ, ಇಲ್ಲದಿದ್ದರೆ ಕಾಲು. ಇದುವರೆಗೆ ಇನ್ನೂರ ಹದಿನಾರು ಹೆಂಗಸರು ಕಲಿತು ಹೋಗಿದ್ದಾರೆ. ಒಬ್ಬೊಬ್ಬರಿಗೂ ಒಂದು ತಗಡಿನ ಪೆಟ್ಟಿಗೆ, ಅದರಲ್ಲಿ ಕತ್ತರಿ, ದಾರ, ಸಾಬೂನು.

ಶುರುವಿನ ವರ್ಷ ಅಚ್ಚಾದ ಪುಸ್ತಕವನ್ನೇ ಓದಿ ಹೇಳಿದರು. ಶುಚಿತ್ವ ಎಂದರೇನು, ಅದರಿಂದಾಗುವ ಪ್ರಯೋಜನಗಳಾವುವು. ಹೆಂಗಸರು ಉತ್ತರವನ್ನು ಸೋಬಾನೆ ಪದದ ಹಾಗೆ ರಾಗವಾಗಿ ಒಪ್ಪಿಸಿದರು. ಊರಿಗೆ ಹೋಗಿ ಕುಡುಗೋಲಿನಲ್ಲೇ ಬಳ್ಳಿ ಕೊಯ್ದರು. ಅಂದಿನಿಂದ ನೀಲಾಂಬಿಕೆ ಪಾಠ ಬರೆಯುವ ಮುಂಚೆ ಕಲಿಯಲು ಬರುವವಳ ಮನೆಗೆ ಹೋಗುತ್ತಾರೆ. ಒಲೆ ಎಲ್ಲಿದೆ, ಹೆರುವವಳು ಎಲ್ಲಿ ಕೂರುತ್ತಾಳೆ, ಮಡಕೆಗೆ ಮುಚ್ಚಳ ಉಂಟೋ, ಆ ಹೊತ್ತಿನಲ್ಲಿ ಯಾರ ಮಾತು ನಡೆಯುತ್ತದೆ, ಇಷ್ಟನ್ನೂ ನೋಡಿಕೊಂಡು ಬಂದು ಬರೆಯುತ್ತಾರೆ. ದಿನಕ್ಕೆ ಒಂದೇ ವಿಷಯ. ಎರಡನ್ನು ಹೇಳಿದರೆ ಎರಡೂ ಉಳಿಯುವುದಿಲ್ಲ.

ಹೆಗ್ಗಡದೇವನಕೋಟೆಯ ತಂಡಕ್ಕೆ ಎನ್. ಬೇಗೂರಿನ ಕಾಡುಜನರ ಹಾಡಿಯಿಂದ ಕೆಂಚಿ ಎನ್ನುವಾಕೆ ಎರಡು ದಿನ ನಡೆದು ಬಂದಿದ್ದಳು. ಉಳಿದವರು ಅವಳನ್ನು ಬಾಗಿಲ ಹೊರಗೇ ಕೂರಿಸಿದರು. ಮಾರನೆಯ ದಿನದಿಂದ ನೀಲಾಂಬಿಕೆ ಪಾಠವನ್ನೇ ಅಂಗಳಕ್ಕೆ ತಂದು, ಒಲೆಯ ಸುತ್ತ ಎಲ್ಲರನ್ನೂ ಕೂರಿಸಿದರು. ಅಂಗಳಕ್ಕೆ ಬಾಗಿಲಿಲ್ಲವಲ್ಲ. "ಯಾರು ಎಲ್ಲಿ ಕೂರ್ತಾರೆ ಅನ್ನೋದನ್ನೂ ನಾನು ಮೊದಲೇ ಬರೆದಿಟ್ಕೋಬೇಕು. ಬಾಗಿಲಾಚೆ ಕೂತೋಳಿಗೆ ಅರ್ಧ ಪಾಠ, ಅವಳ ಹಾಡಿಗೆ ಅರ್ಧ ಸಾವು."

ಇವತ್ತಿನ ಪಾಠವನ್ನು ಮಾತ್ರ ಅವರು ನಾಲ್ಕು ಸಲ ಬರೆದು ಹೊಡೆದುಹಾಕಿದ್ದಾರೆ. ಅದು ಒಬ್ಬರೇ ಒಬ್ಬರಿಗಾಗಿ ಬರೆದದ್ದು.

ಪುಟ್ಟಮಾದಮ್ಮನವರು ಇದೇ ಊರಿನ ಸೂಲಗಿತ್ತಿ, ಮೂವತ್ತು ವರ್ಷದ ಕೈ. ಎರಡು ವರ್ಷದ ಹಿಂದೆ ಇದೇ ಚಾವಡಿಯಲ್ಲಿ ನಡೆದ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಲಿತವರು ಅವರೇ. ಕಲಿತ ಮೇಲೆ ಪೆಟ್ಟಿಗೆ ತೆರೆದ ಮೊದಲ ಹೆರಿಗೆ ತಮ್ಮ ಮಗಳು ಕೆಂಪಾಜಿಯದು. ಗಂಡುಮಗು. ಎಂಟನೆಯ ದಿನ ಕೂಸು ಮೊಲೆ ಬಿಟ್ಟಿತು, ದವಡೆ ಕಚ್ಚಿಕೊಂಡಿತು, ಮೈ ಬಿಲ್ಲಿನ ಹಾಗೆ ಸೆಟೆಯಿತು. ಸರ್ಕಾರದ ಕತ್ತರಿ ಮಗುವನ್ನು ತಿಂದಿತು ಎಂದಿತು ಊರು. ಅಲ್ಲಿಂದಾಚೆ ಈ ಹೋಬಳಿಯಿಂದ ಒಬ್ಬ ಸೂಲಗಿತ್ತಿಯೂ ಪಾಠಕ್ಕೆ ಬರಲಿಲ್ಲ.

ಮೂರು ವಾರ ಕಳೆದ ಮೇಲೆ ಸುದ್ದಿ ತಿಳಿದು ನೀಲಾಂಬಿಕೆ ಬಂದಾಗ, ಪುಟ್ಟಮಾದಮ್ಮ ಪೆಟ್ಟಿಗೆಯನ್ನು ಜಗಲಿಯ ಮೇಲಿಂದ ಎಸೆದು ಒಳಗೆ ಹೋದರು. ಬಾಣಂತಿ ಕೆಂಪಾಜಿಯೇ ಬಾಗಿಲಲ್ಲಿ ನಿಂತು, ಅವ್ವ ಏನೇನು ಮಾಡಿದಳೆಂದು ಒಂದೊಂದಾಗಿ ಹೇಳಿದಳು. ಉಗುರು ತೆಗೆದಳು. ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದಳು. ಕತ್ತರಿ, ದಾರ ಎರಡನ್ನೂ ಹೇಳಿದಷ್ಟು ಹೊತ್ತು ಕುದಿಸಿದಳು. "ಆಮೇಕೆ ಬೆನಕುನ್ಗೆ ಮುಟ್ಟುಸ್ಬುಟ್ಟು ಕುಯ್ದ್ಳು" ಎಂದಳು.

ಈ ಕಡೆಯ ಮನೆಗಳಲ್ಲಿ ಹೆರಿಗೆ ಕೋಣೆಯ ಮೂಲೆಯಲ್ಲಿ ಸಗಣಿ ಉಂಡೆಗೆ ಗರಿಕೆ ಸಿಕ್ಕಿಸಿ ಬೆನಕನನ್ನು ಇಡುತ್ತಾರೆ. ಕಬ್ಬಿಣ ಕೂಸನ್ನು ಮುಟ್ಟುವ ಮುಂಚೆ ಬೆನಕನನ್ನು ಮುಟ್ಟಬೇಕು. ಹಿಂದೆ ಕುಡುಗೋಲು ಮುಟ್ಟುತ್ತಿತ್ತು, ಈಗ ಕತ್ತರಿ. ಹೊಸ ಆಯುಧವೆಂದು ಪುಟ್ಟಮಾದಮ್ಮ ಭಕ್ತಿ ಒಂದು ಹಿಡಿ ಹೆಚ್ಚೇ ತೋರಿಸಿ, ಅದರ ಮೊನೆಯನ್ನು ಉಂಡೆಯೊಳಗೆ ಊರಿ ಕೈ ಮುಗಿದಿದ್ದರು. ಧನುರ್ವಾಯುವಿನ ನಂಜು ಇರುವುದು ಸಗಣಿಯಲ್ಲೇ.

"ಹೇಗೆ ಕುದಿಸಬೇಕು ಅಂತ ಬರೆದಿದ್ದೆ, ಹೇಗೆ ಕೊಯ್ಯಬೇಕು ಅಂತ ಬರೆದಿದ್ದೆ" ಎನ್ನುತ್ತಾರೆ ನೀಲಾಂಬಿಕೆ. "ಮಡಕೆಯಿಂದ ಕೂಸಿನವರೆಗೆ ಎರಡು ಮಾರು ದೂರ ಇರುತ್ತೆ. ಆ ಎರಡು ಮಾರಲ್ಲಿ ಕೈ ಎಲ್ಲೆಲ್ಲಿಗೆ ಹೋಗುತ್ತೆ ಅಂತ ನಾನು ಯೋಚನೆಯನ್ನೇ ಮಾಡಿರಲಿಲ್ಲ. ಅವರ ಮನೆಗೆ ಹೋಗಿದ್ದೆ, ಒಲೆ ನೋಡಿದ್ದೆ. ಮೂಲೆ ನೋಡಿರಲಿಲ್ಲ."

ಬೆನಕನನ್ನು ಬಿಡಿ ಎಂದರೆ ಯಾರೂ ಬಿಡುವುದಿಲ್ಲ, ಪಾಠಕ್ಕೂ ಬರುವುದಿಲ್ಲ. ಅದು ಅವರಿಗೆ ಗೊತ್ತು. ಆದ್ದರಿಂದ ಸಾಲನ್ನು ಹಿಂದುಮುಂದು ಮಾಡಿದರು. ಮೊದಲು ಕತ್ತರಿ ಬೆನಕನಿಗೆ ಮುಟ್ಟಲಿ, ಪೂಜೆ ಮುಗಿಯಲಿ. ಆಮೇಲೆ ಕುದಿಯಲಿ. ಕುದಿದ ಮಡಕೆಯೇ ತಾಯಿಯ ಮಗ್ಗುಲಿಗೆ ಬರಲಿ. ಕತ್ತರಿ ನೀರಿನಿಂದ ಎದ್ದರೆ ನೇರ ಬಳ್ಳಿಗೆ. ಇದನ್ನು ಮೂರು ತಾಲ್ಲೂಕಿನಲ್ಲಿ ಕಲಿಸಿದರು. ಪುಟ್ಟಮಾದಮ್ಮನವರಿಗೆ ಮಾತ್ರ ಹೇಳಲಿಲ್ಲ. ಹೇಳಬೇಕೆಂದರೆ, ನಿನ್ನ ಕೈಯಿಂದಲೇ ಆಯಿತು ಎಂದೂ ಹೇಳಬೇಕಿತ್ತು. ಎರಡು ಸಲ ಊರ ಬಾಗಿಲವರೆಗೆ ಬಂದು ಹಿಂದಿರುಗಿದರು.

ಈಗ ಕೆಂಪಾಜಿಗೆ ಮತ್ತೆ ದಿನ ತುಂಬಿದೆ. ಬೇರೆ ಸೂಲಗಿತ್ತಿಯನ್ನು ಪುಟ್ಟಮಾದಮ್ಮ ಹೊಸಿಲು ತುಳಿಸುವುದಿಲ್ಲ. ಹಳೆಯ ಕುಡುಗೋಲನ್ನು ಸಾಣೆ ಹಿಡಿಸಿದ್ದಾರೆಂದು ಕುಳ್ಳಯ್ಯನೇ ಸುದ್ದಿ ಕಳಿಸಿದ್ದ. ನೀಲಾಂಬಿಕೆ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ವೀರಭದ್ರಸ್ವಾಮಿಯವರನ್ನು ಕಾಡಿ ಬೇಡಿ, ಸರದಿ ತಪ್ಪಿಸಿ ಈ ತಂಡವನ್ನು ರಾವಂದೂರಿಗೆ ತಂದರು. ಬೇರೆ ಹೋಬಳಿಗಳಿಂದ ಬಂದವರು ಐದೇ ಜನ.

ಹತ್ತು ಗಂಟೆಗೆ ಐವರೂ ಬಂದು ಕೂರುತ್ತಾರೆ. ಆರನೆಯವರಾಗಿ ಪುಟ್ಟಮಾದಮ್ಮ ಬರುತ್ತಾರೆ, ಆದರೆ ಒಳಗೆ ಬರುವುದಿಲ್ಲ. ಕುಳ್ಳಯ್ಯ ಏನು ಹೇಳಿ ಕರೆತಂದನೋ, ಮೆಟ್ಟಿಲ ಮೇಲೆ ಅಡ್ಡಕ್ಕೆ ಕೂತು ಎಲೆಯಡಿಕೆ ಚೀಲ ಬಿಚ್ಚುತ್ತಾರೆ.

ನೀಲಾಂಬಿಕೆ ಬಸ್ಸಿನವರಿಂದ ಕೇಳಿ ತಂದ ಇದ್ದಿಲನ್ನು ನುಣ್ಣಗೆ ಅರೆದಿದ್ದಾರೆ. ಜೇಡಿಮಣ್ಣಿನ ಉಂಡೆಗೆ ಆ ಕರಿಯನ್ನು ಕಲಸಿ, ಬೆನಕನ ಜಾಗಕ್ಕೆಂದು ಮೂಲೆಯಲ್ಲಿಟ್ಟಿದ್ದಾರೆ. ಕಣ್ಣಿಗೆ ಕಾಣದ ಕೊಳೆ ಕಂಡಿದ್ದರೆ ಹೀಗೆ ಕರ್ರಗಿರುತ್ತಿತ್ತು ಎಂದು ಹಿಂದಿನ ದಿನವೇ ಹೇಳಿಕೊಟ್ಟಿದ್ದಾರೆ. ವೀರನಹೊಸಹಳ್ಳಿ ಕಡೆಯಿಂದ ಬಂದ ಮರಮ್ಮ ಹೆರಿಗೆ ಮಾಡಿಸಬೇಕು, ಇನ್ನೊಬ್ಬಾಕೆ ಅತ್ತೆಯಾಗಿ ಅವಸರ ಮಾಡಬೇಕು. ಎಷ್ಟು ಕಲಿತಿದ್ದರೂ ಅತ್ತೆಯ ಬಾಯಿಗೆ ಹೆದರಿ ಸಾಲು ತಪ್ಪುತ್ತದೆ, ಅದಕ್ಕೇ ಪಾಠದಲ್ಲಿ ಅತ್ತೆಗೂ ಒಂದು ಜಾಗ.

"ಬಿರ್ನೆ ಕುಯ್ಯೇ, ನಿನ್ ಕೈಗೇನ್ ಲಕ್ವ ಒಡ್ದದಾ?" ಎಂದು ಅತ್ತೆ ಗದರುತ್ತಾಳೆ.

"ಇರು ಅತ್ತೆ, ನಿನ್ನ ಎರ್ಸೋವಾಗ ಇಂಗೇ ಅವಸ್ರ ಮಾಡಿ ಅಲ್ವಾ ನಿನ್ ಬುದ್ಧಿ ಅರ್ಧಕ್ಕೇ ನಿಂತಿರೋದು" ಎನ್ನುತ್ತಾಳೆ ಮರಮ್ಮ. ಎಲ್ಲರೂ ನಗುತ್ತಾರೆ.

ಮರಮ್ಮ ಕತ್ತರಿ ಕುದಿಸುತ್ತಾಳೆ, ಎತ್ತುತ್ತಾಳೆ, ಮನೆಯ ರೂಢಿಯಂತೆ ಮೂಲೆಯ ಉಂಡೆಗೆ ಮುಟ್ಟಿಸುತ್ತಾಳೆ, ಬಳ್ಳಿ ಕತ್ತರಿಸುತ್ತಾಳೆ. ಬೊಂಬೆಯ ಬಿಳಿ ಬಟ್ಟೆಯ ಮೇಲೆ, ಹೊಕ್ಕುಳಿನ ಸುತ್ತ, ರೂಪಾಯಿ ಅಗಲದ ಕರಿ ಮೂಡುತ್ತದೆ.

ಮೆಟ್ಟಿಲ ಮೇಲೆ ಸುಣ್ಣ ಹಚ್ಚುತ್ತಿದ್ದ ಪುಟ್ಟಮಾದಮ್ಮನವರ ಬೆರಳು ಎಲೆಯ ಮೇಲೇ ನಿಂತುಬಿಟ್ಟಿದೆ. ಕಣ್ಣು ಬೊಂಬೆಯ ಮೇಲಿದೆ. ಕೊನೆಗೆ ಕೇಳುವುದು ಒಂದೇ ಮಾತು.

"ಯಾವಾಗ್ ಗೊತ್ತಾಯ್ತು ನಿಮ್ಗೆ?"

ಈ ಪ್ರಶ್ನೆಗೆ ನೀಲಾಂಬಿಕೆ ಪಾಠ ಬರೆದಿಲ್ಲ. "ಮೂರು ವಾರಕ್ಕೆ ಅಕ್ಕ. ಕೆಂಪಾಜಿ ಹೇಳಿದ ದಿನವೇ."

"ಎಲ್ಡು ವರ್ಸ ಮಡಿಕ್ಕಂಡಿದ್ರಾ ಒಟ್ಟೇಲಿ?"

"ತಪ್ಪು ನನ್ನದು. ನಾನು ಹೇಳಿದ್ದನ್ನೆಲ್ಲ ನೀನು ಮಾಡಿದೆ. ಕುದಿಸಿದ ಮೇಲೆ ಎಲ್ಲೂ ಮುಟ್ಟಿಸಬಾರದು ಅಂತ ನಾನೇ ಹೇಳಿರಲಿಲ್ಲ."

"ಕೈ ನಂದು" ಎನ್ನುತ್ತಾರೆ ಪುಟ್ಟಮಾದಮ್ಮ. ಎಲೆಯನ್ನು ಅಲ್ಲೇ ಬಿಟ್ಟು ಎದ್ದು ಹೋಗುತ್ತಾರೆ. ಪಾಠ ಮಧ್ಯಾಹ್ನದವರೆಗೆ ನಡೆಯಬೇಕಿತ್ತು. ಆವತ್ತು ನಡೆಯುವುದಿಲ್ಲ.

ಮೂರು ದಿನ ಆ ಮನೆಯಿಂದ ಮಾತಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಕುಳ್ಳಯ್ಯ ಓಡಿಬರುತ್ತಾನೆ. "ಪೆಟ್ಗೆ ಕೊಡ್ಬೇಕಂತೆ ಕಣ್ರವ್ವ, ಬೇಗ. ನೀವೂ ಬರ್ಬೇಕಂತೆ, ಆದ್ರೆ ಒಳೀಕ್ ಬರ್ಬೇಡಿ ಅಂದವ್ರೆ."

ನೀಲಾಂಬಿಕೆ ಜಗಲಿಯ ಮೇಲೆ ಕೂರುತ್ತಾರೆ. ಒಳಗೆ ಕೆಂಪಾಜಿಯ ನರಳಾಟ, ಮಂಗಳಾರತಿ ಕರ್ಪೂರದ ವಾಸನೆ, ಆಮೇಲೆ ಸೌದೆ ಮುರಿಯುವ ಸದ್ದು. ಪೂಜೆ ಮೊದಲು, ಒಲೆ ಆಮೇಲೆ. ಮಡಕೆ ಕೊತಕೊತ ಅನ್ನುವುದು ಕೇಳಿಸುತ್ತದೆ. ಸದ್ದು ಒಲೆಯಿಂದ ಎದ್ದು ಕೋಣೆಯ ಕಡೆಗೆ ಹೋದದ್ದೂ ಅವರ ಕಿವಿಗೆ ತಿಳಿಯುತ್ತದೆ. ಹೆಣ್ಣುಕೂಸು ಅಳುತ್ತದೆ. ಯಾರೂ ಹೊರಗೆ ಬಂದು ಏನೂ ಹೇಳುವುದಿಲ್ಲ. ಹೇಳುವಂಥದ್ದಿದ್ದರೆ ಅದು ಎಂಟು ದಿನ ಕಳೆದ ಮೇಲೆ.

ತಂಡ ಮುಗಿಯುತ್ತದೆ, ಐವರೂ ಪೆಟ್ಟಿಗೆ ಹಿಡಿದು ಊರಿಗೆ ಹೋಗುತ್ತಾರೆ. ನೀಲಾಂಬಿಕೆ ಹೋಗುವುದಿಲ್ಲ. ದಿನಾ ಬೆಳಿಗ್ಗೆ ಆ ಮನೆಯ ಮುಂದೆ ನಿಂತು, "ಕೂಸು ಮೊಲೆ ಕಚ್ಚಿತಾ?" ಎಂದು ಕೇಳಿ ಬರುತ್ತಾರೆ. ಏಳನೆಯ ದಿನ ಕಚ್ಚಿದೆ. ಎಂಟನೆಯ ದಿನ ಬಾಗಿಲು ತೆರೆಯುವುದು ತಡವಾಗುತ್ತದೆ, ನೀಲಾಂಬಿಕೆ ಮತ್ತೆ ಮತ್ತೆ ಬಾಗಿಲು ಬಡಿಯುತ್ತಾರೆ. ಬಾಣಂತಿಗೆ ನಿದ್ದೆ ಬಂದಿತ್ತು, ಅಷ್ಟೆ. ಕಚ್ಚಿದೆ. ಹತ್ತನೆಯ ದಿನ ಪುಟ್ಟಮಾದಮ್ಮನವರೇ ಕೂಸನ್ನು ಎತ್ತಿಕೊಂಡು ಜಗಲಿಗೆ ಬರುತ್ತಾರೆ. ಮುಖದಲ್ಲಿ ನಗುವಿಲ್ಲ.

"ಅವ್ನೂ ಇಂಗೇ ಇರೋನು" ಎನ್ನುತ್ತಾರೆ. "ಎಲ್ಡು ವರ್ಸದೋನಾಗೋನು."

"ಹೌದಕ್ಕ."

"ಮುಂದ್ಲು ತಂಡ ಎಲ್ಲಿ?"

"ಕೃಷ್ಣರಾಜನಗರ."

"ನಮ್ ಕಾಲ್ದ್ ಎಡತೊರೆ ಅನ್ನಿ. ಬತ್ತೀನಿ ನಾನು. ಬೊಂಬೆ ಆಮೇಕೆ ತೋರ್ಸಿ. ಮೊದ್ಲು ನನ್ ಮೊಮ್ಮಗನ್ ಇಸ್ಯ ನಾನೇ ಯೋಳ್ತೀನಿ. ನೀವ್ ಮಡಿಕ್ಕಂಡಿದ್ದುನ್ನೂ ಯೋಳ್ತೀನಿ. ನಡುಕ್ ಬಾಯ್ ಆಕ್ಬೇಡಿ."

ಮುಂದಿನ ತಂಡದ ಪಾಠದ ಹಾಳೆಗಳನ್ನು ಇನ್‌ಸ್ಪೆಕ್ಟರಿಗೆ ಕಳಿಸಬೇಕು. ಮೊದಲ ದಿನದ ಹಾಳೆಯಲ್ಲಿ ಬೋಧಕರ ಹೆಸರಿನ ಜಾಗದಲ್ಲಿ ನೀಲಾಂಬಿಕೆ ‘ಪುಟ್ಟಮಾದಮ್ಮ, ರಾವಂದೂರು’ ಎಂದು ಬರೆದಿದ್ದಾರೆ. ಓದು ಬರಹ ಬಾರದವರನ್ನು ಬೋಧಕರೆಂದು ಇಲಾಖೆಯವರು ಹೇಗೆ ಒಪ್ಪುತ್ತಾರೋ ಗೊತ್ತಿಲ್ಲ. ಆ ದಿನ ನೀವೇನು ಮಾಡುತ್ತೀರಿ ಎಂದು ಕೇಳಿದರೆ ಅವರು ಹಾಳೆಗಳನ್ನು ಜೋಡಿಸುತ್ತಲೇ ಹೇಳುತ್ತಾರೆ:

"ಹೆಂಗಸರ ಜೊತೆ ನೆಲದ ಮೇಲೆ ಕೂತ್ಕೋತೀನಿ. ಅವಳು ಹೇಳಿ ಮುಗಿಸೋವರೆಗೆ ಎದ್ದು ಹೋಗದೆ ಕೂತಿರೋ ಶಕ್ತಿ ಬಂದರೆ ಸಾಕು ನನಗೆ."