ಮಾಮಾ ಚರಗ ಚೆಲ್ಲಿದ ಕೊರಕಲು

ಇಸ್ತ್ರಿ ಮಾಡುವಾಗ ಪ್ಯಾಂಟಿನ ಮಡಿಕೆಯಲ್ಲಿದ್ದ ಹುಲ್ಲಿನ ಮುಳ್ಳೊಂದು ಬೆರಳಿಗೆ ಚುಚ್ಚಿತು. ಹತ್ತು ಸಲ ಒಗೆದ ಪ್ಯಾಂಟು. ನಮ್ಮ ವಾಷಿಂಗ್ ಮಷಿನ್ನಿಗೆ ಕಾಲುಚೀಲ ನುಂಗುವುದು ಗೊತ್ತು, ಮುಳ್ಳು ಕೀಳುವುದು ಗೊತ್ತಿಲ್ಲ. ಬಂದದ್ದು ಒಂದೇ ಹನಿ ರಕ್ತ, ಆದರೂ ಇಸ್ತ್ರಿ ಪೆಟ್ಟಿಗೆ ಆರಿಸಿ ಕುಳಿತುಬಿಟ್ಟೆ. ನಗಬೇಕೆನಿಸಿದರೆ ನಗಿ, ಇದರಲ್ಲಿ ನಗುವಂಥದ್ದೂ ಇದೆ.

ದೇವದುರ್ಗದ ಆಚೆ, ಬೇಲಿ ಹಾಕಿ ಕಾಯ್ದ ಹುಲ್ಲುಗಾವಲೊಂದಿದೆ. ಸೊಂಟದೆತ್ತರದ ಹುಲ್ಲು, ನಡುನಡುವೆ ಮಳೆನೀರು ಕೊರೆದ ಆಳವಾದ ಕೊರಕಲುಗಳು. ಹೋದ ವರ್ಷ ಇದೇ ಪ್ಯಾಂಟು ತೊಟ್ಟು ಮಸರಕಲ್ಲಿನ ನನ್ನ ಸೋದರಮಾವನನ್ನು ಅಲ್ಲಿಗೆ ಕರೆದೊಯ್ದೆ. ಜೀವನವಿಡೀ ಹುಲ್ಲು ಕಿತ್ತವನಿಗೆ ಟಿಕೆಟ್ ತೆಗೆಸಿ ಹುಲ್ಲು ತೋರಿಸಿದವನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

"ಇಷ್ಟು ಕಳೆ ಬೆಳಸಾಕ ಬೇಲಿ ಬ್ಯಾರೆ ಹಾಕ್ಯಾರ?" ಎಂದ ಮಾಮಾ.

"ಕಳೆ ಅಲ್ಲ ಮಾಮಾ, ಈ ನೆಲದ ಮೂಲ ಹುಲ್ಲು ಇದು."

"ನಮ್ಮ ಹೊಲದಾಗೂ ಅದ. ಬಾ, ಪುಕ್ಕಟೆ ತೋರಸ್ತೀನಿ."

ಮಧ್ಯಾಹ್ನ ಒಂದು ಕೊರಕಲಿನ ಹತ್ತಿರ ಬುತ್ತಿ ಬಿಚ್ಚಿದೆವು. ನಮ್ಮ ಕಡೆ ಹೊಲದಲ್ಲಿ ಉಣ್ಣುವ ಮೊದಲು ಭೂಮಿತಾಯಿಗೆ ಅನ್ನ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಉಳಿದವರಿಗೆ ಎಳ್ಳಮಾವಾಸ್ಯೆಗೊಮ್ಮೆ ಚೆಲ್ಲಿದರೆ ಸಾಕು, ಮಾಮಾನಿಗೆ ಬಯಲು ಕಂಡಲ್ಲೆಲ್ಲ ಬೇಕು.

"ಯಪ್ಪಾ, ಇಲ್ಲಿ ಅನ್ನ ಚೆಲ್ಲಬ್ಯಾಡ್ರಿ," ಎಂದು ಕಾವಲುಗಾರ ದೂರದಿಂದ ಕೂಗಿದ.

"ಭೂಮಿತಾಯಿ ಉಣ್ಣಾಕ ನಿನ್ನ ಪರ್ಮಿಷನ್ ಬೇಕೇನಲೇ?"

"ಮಾಮಾ, ಇದು ಹೊಲ ಅಲ್ಲ," ಎಂದೆ ನಾನು.

"ಹೊಲ ಅಲ್ಲಂದ್ರ ಭೂಮಿನೂ ಅಲ್ಲೇನು? ಬಿಎಸ್ಸಿ ಓದಿ ಇಷ್ಟ ಕಲ್ತೇನು?"

ಮುಖ ಊದಿಸಿಕೊಂಡು ಕುಳಿತೆ. ಮಾಮಾ ಅನ್ನ ಹಿಡಿದು ಕೊರಕಲಿನ ಅಂಚಿಗೆ ನಡೆದ. ಅವನ ಕಾಲ ಹಿಂದೆ ನೆಲದಲ್ಲಿ ಬೆರಳಗಲದ ಬಿರುಕು. ಕೆಳಗೆ ಮಣ್ಣು ಟೊಳ್ಳಾದರೆ ಮೇಲೆ ಹಾಗೆ ಸೀಳುತ್ತದೆ. ನಾನು ಓದಿದ್ದೇ ಭೂವಿಜ್ಞಾನ. ಆದರೆ ಆ ಗಳಿಗೆಯಲ್ಲಿ 'ಮಾಡಿಕೊಳ್ಳಲಿ' ಎಂದು ಸುಮ್ಮನಿದ್ದೆ.

ಅಂಚು ಸದ್ದಿಲ್ಲದೆ ಕುಸಿಯಿತು. ಹಾರಿ ಬಿದ್ದು ಹಿಡಿದೆ. ಕೈಗೆ ಸಿಕ್ಕದ್ದು ಕಚ್ಚೆ. ಧೋತ್ರ ಬಿಚ್ಚುತ್ತಾ ಹೋಯಿತು; ಕೊನೆಗೆ ಒಂದು ತುದಿ ನನ್ನಲ್ಲಿ, ಇನ್ನೊಂದು ತುದಿ ಮಾಮಾನ ಮುಷ್ಟಿಯಲ್ಲಿ. ಕೆಳಗೆ ಎರಡಾಳು ಆಳದಲ್ಲಿ ಬರೀ ಬಂಡೆ.

"ಬಿಡಬ್ಯಾಡಲೇ!"

"ಬಿಟ್ಟಿಲ್ಲ ಮಾಮಾ!"

"ಮ್ಯಾಲಿಂದ ನೋಡಲೂ ಬ್ಯಾಡ!"

ಕಾವಲುಗಾರ ಓಡಿಬಂದ. ಇಬ್ಬರೂ ಸೇರಿ ಎಳೆದೆವು. ಪಟ್ಟೆಪಟ್ಟೆ ಚಡ್ಡಿಯಲ್ಲಿ ಮೇಲೆ ಬಂದ ಮಾಮಾ ಮೊದಲು ಕೇಳಿದ್ದು, "ರೊಟ್ಟಿ ಎಲ್ಲಿ?" ಅವನು ಮೂರು ತಿಂದ. ನಾನು ಧೋತ್ರದ ಮಣ್ಣು ಕೊಡವುತ್ತಾ ಕುಳಿತೆ.

ಅಂದಿನಿಂದ ಕಣ್ಣು ಮುಚ್ಚಿದರೆ ಆ ಬಿರುಕು, ಆಮೇಲೆ ನನ್ನ ಮುಚ್ಚಿದ ಬಾಯಿ. ಇವತ್ತು ತಡೆಯಲಾಗದೆ ಫೋನ್ ಮಾಡಿ ಹೇಳಿಬಿಟ್ಟೆ: "ಮಾಮಾ, ನೆಲ ಸೀಳಿದ್ದು ನನಗ ಕಂಡಿತ್ತು. ಸಿಟ್ಟಿನಾಗ ಸುಮ್ಮನಿದ್ದೆ."

"ನನಗೂ ಕಂಡಿತ್ತಲೇ," ಎಂದ. "ನೀನೂ ನೋಡಿದಿ, ಸುಮ್ಮನಿದ್ದಿ. ಓದಿದಾಂವ ಸುಮ್ಮನದಾನ ಅಂದ್ರ ಗಟ್ಟಿ ಅದ ಅಂತ ನಿಂತೆ."

ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಅತ್ತ ಕಡೆ ಜೋರು ಗಾಳಿಯ ಸದ್ದು.

"ಮಾಮಾ, ಈಗ ಎಲ್ಲಿ ನಿಂತೀದಿ?"

"ಮಾಳಿಗಿ ಅಂಚಿನಾಗ. ಸಿಗ್ನಲ್ ಇಲ್ಲೇ ಬರ್ತದ."

"ಹಿಂದಕ್ಕ ಸರಿ!"

ನಾನು ಕಿರುಚಿದ ರಭಸಕ್ಕೆ ರಾಯಚೂರಿನ ನಮ್ಮ ಓಣಿಯಲ್ಲಿ ಹೋಗುತ್ತಿದ್ದವರೂ ನಾಲ್ಕು ಹೆಜ್ಜೆ ಹಿಂದೆ ಸರಿದರು.